ಜೇನುಬಣ್ಣದ ಮುಚ್ಚಳ

೨೨ ನವೆಂಬರ್ ೧೯೮೭, ಭಾನುವಾರ
ಫೆರ್ನಾಲ್, ಲಿಫ್ಟಿನ ಮೇಲಿನ ನಿಲ್ದಾಣ. ಗಾಳಿಯಿಲ್ಲ. ಹಗ್ಗಕ್ಕೆ ತೂಗುಬಿದ್ದ ಖಾಲಿ ಕುರ್ಚಿಗಳನ್ನು ಓಡಿಸಿ ನೋಡುವ ಕೆಲಸ ಮಧ್ಯಾಹ್ನಕ್ಕೆ ಮುಗಿಯಿತು.

ಪ್ರೀತಿಯ ಬುರ್ಗಿ ಅಕ್ಕ,

ನಿಮ್ಮ ಕಾರ್ಖಾನೆಯ ಜೇನುಬಣ್ಣದ ಪಾರದರ್ಶಕ ಮುಚ್ಚಳಗಳು ಬಂದು ಕುರ್ಚಿಗಳ ಮೇಲೆ ಕೂತವು. ಹುಲ್ಲಿನಲ್ಲಿ ಮೊಟ್ಟೆ ಇಟ್ಟ ಹಾಗೆ ಕಂಬಳಿ ಸುತ್ತಿ ಕಳಿಸಿದ್ದರು. ಒಂದೂ ಬಿರುಕು ಬಿಟ್ಟಿಲ್ಲ. ಸುತ್ತಿದ ಕೈಗಳಲ್ಲಿ ನಿನ್ನದೂ ಇತ್ತೇನೋ ಎಂದುಕೊಂಡೆ.

ಊರಿಗೆ ಊರೇ ನೋಡಲು ಬಂದಿತ್ತು. ಕ್ರೆಶೆನ್ಸ್ ಅಜ್ಜಿ ಕೋಲೂರಿಕೊಂಡು ಬಂದು, ಮುಚ್ಚಳವನ್ನು ಬೆರಳಿನಿಂದ ಕುಟ್ಟಿ ನೋಡಿ, ‘ಏನೋ ಕಾಸಿಯಾನ್, ಜನರನ್ನ ಚೀಸ್ ಅಂದ್ಕೊಂಡ್ರಾ, ಮುಚ್ಚಿ ಇಡೋಕೆ?’ ಅಂದಳು. ‘ನೊಣ ಕೂರಬಾರದಲ್ಲ ಅಜ್ಜಿ’ ಅಂದೆ. ‘ನೊಣಗಳೇ ಟಿಕೆಟ್ ತಗೊಂಡು ಒಳಗೆ ಕೂರ್ತಾವೆ ಬಿಡು’ ಅಂದಳು. ಮೇಯರ್ ಆಂಬ್ರೋಸ್ ಪಕ್ಕದಲ್ಲೇ ಇದ್ದ. ಅವನ ಹೋಟೆಲಿನ ಇಬ್ಬರು ಅತಿಥಿಗಳೂ ಇದ್ದರು. ಅವನ ಮುಖ ನೀನು ನೋಡಬೇಕಿತ್ತು. ಅಂದಿನಿಂದ ಊರಲ್ಲಿ ಯಾರೂ ಅದನ್ನು ಮುಚ್ಚಳ ಅನ್ನುವುದಿಲ್ಲ, ಚೀಸ್ ತಟ್ಟೆ ಅನ್ನುತ್ತಾರೆ.

ಮುಚ್ಚಳ ಇಳಿಸಿಕೊಂಡು ಒಳಗೆ ಕೂತರೆ ಮಾತ್ರ ಬೇರೆ ಲೋಕ. ಮೋಡ ಕವಿದಿದ್ದರೂ ಹೊರಗೆ ಬಿಸಿಲು ಬಿದ್ದ ಹಾಗಿರುತ್ತದೆ. ಹಿಮದ ಮೇಲಿನ ಪ್ರತಿಯೊಂದು ಗೆರೆಯೂ ಕೆತ್ತಿದ ಹಾಗೆ ಎದ್ದು ಕಾಣುತ್ತದೆ. ಆಂಬ್ರೋಸ್ ಹೋಟೆಲಿನ ಬಾಗಿಲಿಗೆ ‘ಫೆರ್ನಾಲ್: ದಿನವೂ ಬಿಸಿಲು’ ಎಂದು ಬರೆಸಿದ್ದಾನೆ.

ನನ್ನ ಕೆಲಸ ಹಳೆಯದೇ. ಬೆಳಗ್ಗೆ ಮೊದಲ ಕುರ್ಚಿಯಲ್ಲಿ ಒಬ್ಬನೇ ಮೇಲೆ ಹೋಗಬೇಕು, ಏಳನೇ ಕಂಬದ ಹತ್ತಿರ ರೋಸ್‌ಕಾರ್ ಬೋಗುಣಿಯನ್ನು, ಹಿಮ ತುಂಬಿ ನಿಲ್ಲುವ ಬೆಟ್ಟದ ಆ ತಗ್ಗನ್ನು, ನೋಡಬೇಕು, ಮೇಲಿನಿಂದ ಫೋನ್ ಮಾಡಿ ಜಾರುದಾರಿ ತೆರೆಯಬಹುದು ಅಥವಾ ಬೇಡ ಅನ್ನಬೇಕು. ಹಿಮಕುಸಿತ ಸಮಿತಿಯಲ್ಲಿ ಮೂವರಿದ್ದೇವೆ. ಆಂಬ್ರೋಸ್, ಸ್ಕೀ ಶಾಲೆಯ ಸೆವೆರಿನ್, ನಾನು. ಬೋಗುಣಿಯನ್ನು ನೋಡುವವನು ನಾನೊಬ್ಬನೇ. ಅವರಿಬ್ಬರು ಕಾಫಿ ಕುಡಿಯುತ್ತಾ ನನ್ನ ಫೋನಿಗೆ ಕಾಯುತ್ತಾರೆ. ಈ ವರ್ಷ ಗಾಳಿಗೆ ಮುಖ ಒಡ್ಡಿ ಹೋಗಬೇಕಾಗಿಲ್ಲ ಎನ್ನುವುದು ದೊಡ್ಡ ಉಪಕಾರ.

ವ್ರೋನಿಗೆ ಮಾವನ ಮುತ್ತುಗಳು.

ಕಾಸಿಯಾನ್


೬ ಡಿಸೆಂಬರ್ ೧೯೮೭
ಫಿಲ್ಲಾಖ್

ಪ್ರೀತಿಯ ಕಾಸಿ,

ನಿನ್ನೆ ಕ್ರಾಂಪುಸ್ ದೆವ್ವದ ವೇಷದವರು ಬೀದಿಯಲ್ಲಿ ಸರಪಳಿ ಎಳೆದುಕೊಂಡು ಬಂದಾಗ ವ್ರೋನಿ, ‘ಅವರ ಬೂಟು ನೋಡಮ್ಮ, ನಮ್ಮ ಲೆಕ್ಕದ ಮೇಷ್ಟ್ರು’ ಅಂದಳು. ಹೆದರುವ ವಯಸ್ಸು ಮುಗಿಯಿತು. ಇವತ್ತು ಸಂತ ನಿಕೊಲಾಸನ ಚೀಲದಲ್ಲಿ ಅವಳಿಗೆ ಹಳದಿ ರಿಬ್ಬನ್ ಸಿಕ್ಕಿದೆ. ಹನ್ನೆರಡು ತುಂಬಿದವಳಿಗೆ ಏನು ಕೊಡಬೇಕೋ ನನಗೆ ತಿಳಿಯುವುದಿಲ್ಲ.

ಮುಚ್ಚಳಗಳನ್ನು ಸುತ್ತಿದ ಕೈ ನನ್ನದಲ್ಲ. ನಾನು ಬಣ್ಣದ ಕೋಣೆಯಲ್ಲಿದ್ದೇನೆ, ಅದನ್ನು ನಿನಗೆ ಎಷ್ಟು ಸಲ ಹೇಳಿದ್ದೇನೆ. ಪ್ಲಾಸ್ಟಿಕ್ ಹಾಳೆಯನ್ನು ಒಲೆಯಲ್ಲಿ ಸ್ಟ್ರೂಡೆಲ್ ಹಿಟ್ಟಿನ ಹಾಗೆ ಮೆತ್ತಗಾಗುವ ತನಕ ಕಾಯಿಸಿ, ಚೌಕಟ್ಟಿಗೆ ಬಿಗಿದು, ಕೆಳಗಿನಿಂದ ಗಾಳಿ ಊದುತ್ತಾರೆ. ಅದು ನಿಧಾನವಾಗಿ ಗುಳ್ಳೆಯಾಗಿ ಏಳುತ್ತದೆ. ಉಸಿರು ಬಿಗಿಹಿಡಿದು ನೋಡಬೇಕು. ಅದಕ್ಕೂ ಮೊದಲು, ಹಾಳೆಯ ಬಣ್ಣ ನಮೂನೆಗೆ ಸರಿಹೊಂದಿದೆಯೋ ಇಲ್ಲವೋ ನೋಡುವುದು ನನ್ನ ಕೆಲಸ. ನಿಮ್ಮದು ನಾಲ್ಕು ನಮೂನೆಗಳಲ್ಲಿ ಆಂಬ್ರೋಸ್ ಆರಿಸಿದ್ದು, ಎಲ್ಲಕ್ಕಿಂತ ಗಾಢವಾದದ್ದು. ನಾವು ಅದಕ್ಕೆ ‘ಜೇನು’ ಎನ್ನುತ್ತೇವೆ.

ಒಂದು ತಮಾಷೆ ಹೇಳುತ್ತೇನೆ. ಒಂದು ತುಂಡು ಜೇನನ್ನು ಮನೆಗೆ ತಂದಿದ್ದೆ. ವ್ರೋನಿ ಅದನ್ನು ಕಣ್ಣಿಗೆ ಹಿಡಿದುಕೊಂಡು, ಬಿಳಿ ಮೇಜುಬಟ್ಟೆಯ ಮೇಲಿದ್ದ ರಿಬ್ಬನ್ನಿಗಾಗಿ ಹುಡುಕಿದಳು. ರಿಬ್ಬನ್ ಇಲ್ಲ. ತುಂಡನ್ನು ಇಳಿಸಿದರೆ ರಿಬ್ಬನ್ ಅಲ್ಲೇ ಇದೆ. ಬಿಳಿಯೂ ಹಳದಿಯೂ ಜೇನಿನೊಳಗೆ ಒಂದೇ ಆಗಿಬಿಡುತ್ತವೆ. ಆಮೇಲೆ ಸಂಜೆಯೆಲ್ಲ ಮನೆಯ ಹಳದಿ, ಕಿತ್ತಳೆ ಸಾಮಾನನ್ನೆಲ್ಲ ಮಾಯ ಮಾಡುತ್ತಾ ಕೂತಳು. ಕೊನೆಗೆ ಕಿತ್ತಳೆ ಹಣ್ಣಿನ ಸಿಪ್ಪೆ ಮಾಯವಾಯಿತು ಎಂದು ಹಣ್ಣನ್ನೂ ಮಾಯ ಮಾಡಿದಳು.

ಗಾಳಿಗೆ ಮುಖ ಒಡ್ಡದಿರುವುದು ಉಪಕಾರವಾಯಿತು ಎಂದು ಬರೆದಿದ್ದೀಯಲ್ಲ. ಅಪ್ಪ ಇದ್ದಿದ್ದರೆ ನಗುತ್ತಿದ್ದರು. ಮೈಗಳ್ಳತನಕ್ಕೆ ಇಷ್ಟು ಬೇಗ ಒಗ್ಗಿಕೊಂಡೆಯಾ?

ಅಕ್ಕ ಬುರ್ಗಿ


೧೦ ಜನವರಿ ೧೯೮೮
ಫೆರ್ನಾಲ್

ಅಕ್ಕ,

ಮೈಗಳ್ಳತನವಲ್ಲ. ಇರಲಿ.

ಹಿಮ ಕಡಿಮೆ, ಜನ ಜಾಸ್ತಿ. ಜಾರುದಾರಿಯಲ್ಲಿ ಕಲ್ಲು ತೋರುತ್ತಿದೆ. ಸೆವೆರಿನ್ ಬೆಳಗ್ಗೆ ಎದ್ದು ಕಲ್ಲಿನ ಮೇಲೆಲ್ಲ ಸಲಿಕೆಯಿಂದ ಹಿಮ ಹಚ್ಚುತ್ತಾನೆ. ನೋಡಿದವರು ‘ಸೆವೆರಿನ್, ಬೆಣ್ಣೆ ಸಾಲುತ್ತಾ?’ ಎನ್ನುತ್ತಾರೆ.

ವ್ರೋನಿ ಶಾಲೆಗೆಂದು ಊರಿನ ಹಳೆಯ ಮಾತುಗಳನ್ನು ಬರೆದು ಕಳಿಸಲು ಕೇಳಿದ್ದಾಳೆ. ನಿನಗೂ ಗೊತ್ತಿರುವಂಥವೇ. ಆದರೆ ಕಾಗದದಲ್ಲಿ ಬರೆದರೆ ಅವಳ ಮೇಷ್ಟ್ರು ನಂಬುತ್ತಾರೆ. ‘ಕ್ಯಾಂಡಲ್ ಹಬ್ಬಕ್ಕೆ ಬಿಸಿಲಾದರೆ ಕರಡಿ ಮತ್ತೆ ಗುಹೆಗೆ.’ ‘ಪಕ್ಕದ ಮನೆ ಹೊಗೆ ನೋಡಿ ಹುಲ್ಲು ಕೊಯ್ಯಬೇಡ.’ ಇನ್ನೊಂದು ಅಜ್ಜನದು. ‘ಕೆಂಪು ಹಿಮ ಬಿದ್ದರೆ, ಮತ್ತೆ ಕೆಂಪು ಕಾಣುವ ತನಕ ಅದರ ಕೆಳಗೆ ದನ ಕಟ್ಟಬೇಡ.’

ಇದರ ಅರ್ಥವನ್ನು ಅವಳಿಗೆ ಹೀಗೆ ಹೇಳು. ಕೆಲವು ವರ್ಷ ತೆಂಕಣ ಗಾಳಿ ಮರುಭೂಮಿಯ ಧೂಳು ಹೊತ್ತು ತಂದು ಬೆಟ್ಟದ ಮೇಲೆ ಸುರಿಯುತ್ತದೆ. ಹಿಮ ಹಳದಿಯಾಗುತ್ತದೆ, ಕೆಲವು ಸಲ ಇಟ್ಟಿಗೆಯ ಬಣ್ಣ. ಆಮೇಲೆ ಅದರ ಮೇಲೆ ಬಿಳಿ ಹಿಮ ಬೀಳುತ್ತದೆ. ಧೂಳಿನ ಪದರದ ಬಳಿ ಹಿಮ ಗಟ್ಟಿಯಾಗಿ ಹಿಡಿಯುವುದಿಲ್ಲ. ಸಕ್ಕರೆಯ ಹಾಗೆ ಬಿಡಿಬಿಡಿಯಾಗಿಬಿಡುತ್ತದೆ. ಮೇಲಿನ ಭಾರವೆಲ್ಲ ಆ ಸಕ್ಕರೆಯ ಮೇಲೆ ಕೂತಿರುತ್ತದೆ. ಒಂದೋ ಅದು ಜಾರಿ ಬೀಳಬೇಕು, ಇಲ್ಲವೇ ಕರಗಿ ಕೆಂಪು ಮತ್ತೆ ಹೊರಬರಬೇಕು. ಅಲ್ಲಿಯ ತನಕ ನಂಬಬಾರದು. ಸಮಿತಿಯ ಕಾನೂನು ಪುಸ್ತಕದಲ್ಲಿ ಇದಿಲ್ಲ. ಆದರೆ ಅಪ್ಪ ತೀರಿಕೊಂಡ ವರ್ಷ ಕೆಂಪು ಬಿದ್ದಾಗ ನಾನು ಬೇಡ ಅಂದೆ, ರೋಸ್‌ಕಾರಿನ ಕೆಳಗಿನ ದಾರಿಯನ್ನು ಈಸ್ಟರ್ ತನಕ ಮುಚ್ಚಿದರು. ಆಂಬ್ರೋಸ್ ಇವತ್ತಿಗೂ ಅದನ್ನು ನೆನಪಿಸುತ್ತಾನೆ. ಏಪ್ರಿಲ್‌ನಲ್ಲಿ ಬೋಗುಣಿಯ ಹಿಮ ಪೂರ್ತಿ ಇಳಿದು ಏಳನೇ ಕಂಬವನ್ನು ಸೊಂಟದ ತನಕ ಹೂತದ್ದನ್ನು ಮಾತ್ರ ನೆನಪಿಸುವುದಿಲ್ಲ.

ರಿಬ್ಬನ್ನಿನ ವಿಷಯ ಓದಿ ನಕ್ಕೆ. ಆ ತುಂಡನ್ನು ಆಂಬ್ರೋಸನಿಗೆ ಕಳಿಸು, ಹೆಂಡತಿಯ ಕೆಂಪು ಕೂದಲನ್ನು ಮಾಯ ಮಾಡಿಕೊಳ್ಳಲಿ.

ಕಾಸಿಯಾನ್


೧೭ ಫೆಬ್ರವರಿ ೧೯೮೮, ಬೂದಿ ಬುಧವಾರ
ಫಿಲ್ಲಾಖ್

ಕಾಸಿ,

ಹಬ್ಬ ಮುಗಿಯಿತು, ಕರಿದ ಕ್ರಾಪ್ಫೆನ್ ಇನ್ನೂ ಮುಗಿದಿಲ್ಲ. ಇವತ್ತಿನಿಂದ ಉಪವಾಸ ಅನ್ನುತ್ತಾರೆ. ನಾನು ಬಾಗಿಲು ಹಾಕಿಕೊಂಡು ಒಂದು ತಿಂದೆ.

ಭಾನುವಾರ ನಮ್ಮ ಬೀದಿಯಲ್ಲಿ ಜಗಳವಾಯಿತು. ಗಾಳಿ ಬೆಚ್ಚಗಿತ್ತೆಂದು ಹಾಸಿಗೆಯ ಹೊದಿಕೆಗಳನ್ನು ಒಗೆದು ಅಂಗಳದಲ್ಲಿ ಹಾಕಿದ್ದೆ. ನಾಲ್ಕು ಹನಿ ಮಳೆ ಬಂತು. ಎತ್ತಿಕೊಳ್ಳಲು ಹೋದರೆ ಹೊದಿಕೆಯ ತುಂಬ ಹಳದಿ ಚುಕ್ಕೆ, ಬೆಕ್ಕು ಕೆಸರುಗಾಲಲ್ಲಿ ಓಡಾಡಿದ ಹಾಗೆ. ಎದುರಿನ ಇಟ್ಟಿಗೆ ಗೂಡಿನವರು ಮತ್ತೆ ಹೊಗೆಕೊಳವೆಯ ಜರಡಿ ತೆಗೆದಿದ್ದಾರೆ ಅಂತ ಕಾಣುತ್ತದೆ. ಹೋಗಿ ಬಾಗಿಲು ಬಡಿದೆ. ಆ ಮನುಷ್ಯ ಒಳ ಅಂಗಿಯಲ್ಲೇ ಬಂದು, ‘ಫ್ರೌ ಪ್ರಾಂಟ್ಲ್, ಭಾನುವಾರವಾದ್ರೂ ನನ್ನ ಬಿಟ್ಟುಬಿಡಿ’ ಅಂದ. ‘ನೀನು ಮೊದಲು ನನ್ನ ಹೊದಿಕೆ ಬಿಡು’ ಅಂದೆ. ಎರಡು ಸಲ ಒಗೆಯಬೇಕಾಯಿತು.

ಈಗ ಮುಖ್ಯ ವಿಷಯ. ವ್ರೋನಿಯ ತರಗತಿಯ ಸ್ಕೀ ವಾರ ಈ ಸಲ ಫೆರ್ನಾಲಿನಲ್ಲಿ! ಮಾರ್ಚ್ ಐದರ ಶನಿವಾರ ಬಸ್ಸಿನಲ್ಲಿ ಬರುತ್ತಾರೆ. ಸೆವೆರಿನನ ಶಾಲೆಯ ವಸತಿಯಲ್ಲಿ ಇಳಿಯುತ್ತಾರೆ. ಕಲಿಯುವವರ ಜಾರುದಾರಿ ಈಗಲೂ ರೋಸ್‌ಕಾರಿನ ಕೆಳಗೇ ಇದೆಯಲ್ಲವೇ? ‘ಅಮ್ಮ ಮಾಡಿದ ಚೀಸ್ ತಟ್ಟೆಯೊಳಗೆ ಕೂತು ಹೋಗ್ತೀನಿ’ ಎಂದು ತರಗತಿಗೆಲ್ಲ ಹೇಳಿಕೊಂಡು ಬಂದಿದ್ದಾಳೆ.

ಒಂದು ಮಾತು ಕೇಳುತ್ತೇನೆ, ಸಿಟ್ಟಾಗಬೇಡ. ಬೆಳಗ್ಗೆ ಬೋಗುಣಿಯನ್ನು ನೋಡುವಾಗ ನೀನು ಮುಚ್ಚಳ ಎತ್ತಿಕೊಂಡೇ ನೋಡುತ್ತೀಯಲ್ಲವೇ? ರಿಬ್ಬನ್ನಿನ ವಿಷಯವನ್ನು ನಮ್ಮ ಮೇಸ್ತ್ರಿಗೂ ಹೇಳಿದ್ದೆ. ಅವನು, ‘ಜನ ಕೂರೋದು ಮಜಾ ಮಾಡೋಕೆ, ರಿಬ್ಬನ್ ಹುಡುಕೋಕಲ್ಲ’ ಅಂದ. ಅವನ ಮಾತೂ ಸರಿಯೇ. ಆದರೂ ಕೇಳಬೇಕು ಅನ್ನಿಸಿತು.

ಬುರ್ಗಿ


೨೪ ಫೆಬ್ರವರಿ ೧೯೮೮
ಫೆರ್ನಾಲ್

ಅಕ್ಕ,

ವ್ರೋನಿ ಬರುತ್ತಾಳೆ ಎಂದು ಓದಿ ಸಂತೋಷವಾಯಿತು. ಅವಳ ಅತ್ತೆ ಟ್ರೌಡಿ ಈಗಲೇ ಅವಳಿಗೆಂದು ಹೊಗೆಮಾಂಸದ ಉಂಡೆ ಮಾಡುವ ಮಾತಾಡುತ್ತಿದ್ದಾಳೆ. ಒಂದು ದಿನವಾದರೂ ನಮ್ಮ ಮನೆಯಲ್ಲಿ ಊಟ ಮಾಡಲಿ.

ಮುಚ್ಚಳದ ಬಗ್ಗೆ ಕೇಳಿದ್ದೀಯ. ಇಪ್ಪತ್ತು ಚಳಿಗಾಲ ಈ ಬೆಟ್ಟವನ್ನು ನೋಡಿದ್ದೇನೆ. ಹಿಮ ಹೇಗೆ ನೋಡಬೇಕೆಂದು ಬಣ್ಣದ ಕೋಣೆಯಿಂದ ಪಾಠ ಬರುತ್ತದೆ ಎಂದುಕೊಂಡಿರಲಿಲ್ಲ. ಹೌದು, ಎತ್ತಿಕೊಂಡೇ ನೋಡುತ್ತೇನೆ. ಸಾಕೇ?

ನಿನ್ನ ಹೊದಿಕೆಯ ಕಥೆ ಟ್ರೌಡಿಗೆ ಓದಿ ಹೇಳಿದೆ. ‘ಇಟ್ಟಿಗೆಯವನ ಗತಿ ಏನಾಯ್ತೋ ಪಾಪ’ ಅಂದಳು. ಆ ಹೊಗೆಯಿಂದ ದೂರ ಹೋಗು ಎಂದು ನಾನು ಮೊದಲಿನಿಂದಲೂ ಹೇಳುತ್ತಿದ್ದೇನೆ. ಆ ಭಾನುವಾರ ಇಲ್ಲೂ ತೆಂಕಣ ಗಾಳಿ ಹುಚ್ಚೆದ್ದು ಬೀಸಿತು. ಬೆಳಗ್ಗೆ ನಾನು ಮೇಲೆ ಹೋದಾಗ ಕುರ್ಚಿ ತೊಟ್ಟಿಲಿನ ಹಾಗೆ ತೂಗುತ್ತಿತ್ತು. ಬೋಗುಣಿ ಜೇನಿನ ಹಾಗೆ ನುಣ್ಣಗಿತ್ತು, ಒಂದು ಗೀರಿಲ್ಲ. ಮೇಲೆ ತಲುಪುವಷ್ಟರಲ್ಲಿ ಮೋಡ ಇಳಿದು ಹಿಮ ಸುರಿಯಲು ಶುರುವಾಯಿತು, ಆಮೇಲೆ ಏನೂ ಕಾಣಲಿಲ್ಲ. ಅಂತೂ ಕಲ್ಲು ಮುಚ್ಚುವಷ್ಟು ಬಂತು. ಸೆವೆರಿನ್ ಸಲಿಕೆಗೆ ಮುತ್ತಿಟ್ಟು ಗೋಡೆಗೆ ನೇತುಹಾಕಿದ. ನಡುವೆ ಒಂದು ವಾರ ಕೊರೆಯುವ ಚಳಿ. ಈಗ ಮತ್ತೆ ಸುರಿಯುತ್ತಿದೆ, ನಿಲ್ಲುವ ಲಕ್ಷಣವಿಲ್ಲ.

ನಿನ್ನೆ ಬೋಗುಣಿಯ ಕಡೆಯಿಂದ ಒಂದು ಸದ್ದು ಬಂತು. ಹೊಟ್ಟೆಯೊಳಗಿಂದ ಬಂದ ಹಾಗೆ, ‘ಹುಂ’ ಎಂದು. ಒಂದೇ ಸಲ. ಇಷ್ಟು ತೆಳು ತಳದ ಮೇಲೆ ಇಷ್ಟು ಹೊಸ ಹಿಮ ಬಂದಾಗ ಹೀಗೆ ಕೂರುತ್ತದೆ. ಚಿಂತೆ ಮಾಡುವಂಥದ್ದಲ್ಲ.

ಕಾಸಿಯಾನ್


೪ ಮಾರ್ಚ್ ೧೯೮೮
ಫಿಲ್ಲಾಖ್

ಕಾಸಿ,

ಇದನ್ನು ವ್ರೋನಿಯ ಕೈಯಲ್ಲೇ ಕಳಿಸುತ್ತಿದ್ದೇನೆ. ಅಂಟಿಸಿದ್ದೇನೆ, ಅವಳು ಓದುವುದಿಲ್ಲ.

ನಿನ್ನ ಹಿಂದಿನ ಕಾಗದವನ್ನು ಹಲವು ಸಲ ಓದಿದೆ. ಮುಚ್ಚಳ ಎತ್ತಿಕೊಂಡೇ ನೋಡುತ್ತೇನೆ ಎಂದು ಬರೆದಿದ್ದೀಯ. ಅದೇ ಪುಟದಲ್ಲಿ, ಬೋಗುಣಿ ಜೇನಿನ ಹಾಗಿತ್ತು ಎಂದೂ ಬರೆದಿದ್ದೀಯ. ಹಿಮವನ್ನು ಜೇನಿಗೆ ಹೋಲಿಸಿದವರನ್ನು ನಮ್ಮ ಊರಿನಲ್ಲಿ ನಾನು ಕಂಡಿಲ್ಲ. ಅಪ್ಪ ಹಾಲು ಅನ್ನುತ್ತಿದ್ದರು, ಅಜ್ಜ ಸುಣ್ಣ ಅನ್ನುತ್ತಿದ್ದ. ಜೇನು ನನ್ನ ಕೋಣೆಯ ಬಣ್ಣ. ಅದನ್ನು ಅದರ ಒಳಗೆ ಕೂತವನು ಮಾತ್ರ ನೋಡುತ್ತಾನೆ.

ನನಗೆ ಯಾಕೆ ಸುಳ್ಳು ಹೇಳಿದೆಯೋ ಗೊತ್ತಿಲ್ಲ. ನೀನು ಚಿಕ್ಕಂದಿನಲ್ಲಿ ಸುಳ್ಳು ಹೇಳುತ್ತಿದ್ದದ್ದು ನೋವನ್ನು ಮುಚ್ಚಿಡಲು ಮಾತ್ರ. ನಿನಗೇನಾದರೂ ಆಗಿದೆಯೇ?

ಇವತ್ತು ಬೆಳಗ್ಗೆ ಅವಳನ್ನು ಕಳಿಸುವುದೇ ಬೇಡ ಎಂದುಕೊಂಡಿದ್ದೆ. ಆಮೇಲೆ, ತರಗತಿಯ ಎಲ್ಲ ಮಕ್ಕಳೂ ಹೋಗುತ್ತಿದ್ದಾರೆ, ಇವಳ ಮಾವನೇ ಬೆಟ್ಟ ನೋಡುವವನು, ಹೆದರಲು ಕಾರಣವಾದರೂ ಏನು ಎಂದು ನನ್ನನ್ನೇ ಕೇಳಿಕೊಂಡೆ. ಉತ್ತರ ಸಿಗಲಿಲ್ಲ. ಉತ್ತರವಿಲ್ಲದ್ದಕ್ಕೆ ಕಳಿಸುತ್ತಿದ್ದೇನೆ.

ತಲುಪಿದ ಮೇಲೆ ಅವಳಿಂದ ಒಂದು ಫೋನ್ ಮಾಡಿಸು.

ಬುರ್ಗಿ


೬ ಮಾರ್ಚ್ ೧೯೮೮, ಭಾನುವಾರ ಸಂಜೆ
ಫೆರ್ನಾಲ್. ಶನಿವಾರ ಸಂಜೆಯಿಂದ ಕಣಿವೆಯ ರಸ್ತೆ ಮುಚ್ಚಿದೆ, ಫೋನಿನ ತಂತಿ ಕಡಿದಿದೆ. ಹಿಮ ನಿಂತಿದೆ. ಗಾಳಿಯಿದೆ.

ಅಕ್ಕ,

ವ್ರೋನಿ ಕ್ಷೇಮವಾಗಿ ಬಂದಳು. ಅವರ ಬಸ್ಸೇ ಕೊನೆಯದು, ಅದರ ಹಿಂದೆ ರಸ್ತೆ ಮುಚ್ಚಿದರು. ಫೋನ್ ಮಾಡಿಸಲಾಗಲಿಲ್ಲ. ರಸ್ತೆ ತೆರೆದ ಮೇಲೆ ಈ ಕಾಗದ ನಿನಗೆ ಸಿಗುತ್ತದೆ. ಅಷ್ಟರಲ್ಲಿ ಇಲ್ಲಿ ಏನಾಯಿತೆಂದು ನಿನಗೆ ಬೇರೆಯವರಿಂದ ತಿಳಿದಿರುತ್ತದೆ. ಆದರೂ ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ನೀನು ಸರಿಯಾಗಿ ಓದಿದ್ದೀಯ. ಮುಚ್ಚಳ ಎತ್ತಿ ನೋಡಿದ್ದು ಈ ಚಳಿಗಾಲದಲ್ಲಿ ಒಂದು ಸಲವೂ ಇಲ್ಲ. ಅಕ್ಟೋಬರಿನಲ್ಲಿ ಇನ್ಸ್‌ಬ್ರುಕ್‌ನಲ್ಲಿ ನನ್ನ ಎಡಗಿವಿಯ ಶಸ್ತ್ರಚಿಕಿತ್ಸೆ ಆಯಿತು. ಗಾಳಿ ತಾಗಬಾರದು ಎಂದರು. ಕಿವಿ ಕೇಳದವನನ್ನು ಆಂಬ್ರೋಸ್ ಲಿಫ್ಟಿನಲ್ಲಿ ಇಟ್ಟುಕೊಳ್ಳುವುದಿಲ್ಲವೆಂದು ಯಾರಿಗೂ ಹೇಳಲಿಲ್ಲ. ನಿನಗೂ ಹೇಳಲಿಲ್ಲ. ನಿನ್ನ ಕಾಗದ ಓದಿದಾಗ ನಿನ್ನೆ ರಾತ್ರಿ ನನಗೆ ನಾಚಿಕೆಗಿಂತ ಸಿಟ್ಟೇ ಹೆಚ್ಚು ಬಂತು. ಮಡಿಸಿ ಜೇಬಿಗೆ ಹಾಕಿದೆ.

ಇವತ್ತು ಬೆಳಗ್ಗೆ ಗಾಳಿಯಿಂದಾಗಿ ಲಿಫ್ಟ್ ಓಡಿಸಲಿಲ್ಲ. ಹನ್ನೊಂದಕ್ಕೆ ಸಮಿತಿ ಸೇರಿತು. ನಾಳೆಗೆ ಗಾಳಿ ಇಳಿಯುತ್ತದೆ ಎಂದು ರೇಡಿಯೋದಲ್ಲಿ ಹೇಳಿದ್ದರು. ಶನಿವಾರ ಬೋಗುಣಿಯ ಅಂಚಿನಲ್ಲಿ ಎರಡು ಸಿಡಿಮದ್ದು ಹಾಕಿದ್ದೆವು, ಏನೂ ಇಳಿಯಲಿಲ್ಲ. ‘ಮದ್ದಿಗೇ ಅಲ್ಲಾಡದ್ದು ಮಕ್ಕಳಿಗೆ ಅಲ್ಲಾಡುತ್ತಾ?’ ಅಂದ ಆಂಬ್ರೋಸ್. ನಾನೂ ಆಗಲಿ ಅಂದೆ. ನಾಳೆ ಎಂಟಕ್ಕೆ ತೆರೆಯುವುದು, ಮೊದಲು ವ್ರೋನಿಯ ತರಗತಿ ಎಂದು ನಿರ್ಧಾರವಾಯಿತು.

ಊಟಕ್ಕೆ ವ್ರೋನಿ ಮನೆಗೆ ಬಂದಳು. ಟ್ರೌಡಿ ಸಾರಿನಲ್ಲಿ ಉಂಡೆ ಹಾಕಿ ಬಡಿಸಿದಳು. ನಿನ್ನ ಮಗಳು ಐದು ತಿಂದಳು. ನಾನು ನಗಿಸಲೆಂದು, ‘ನಿಮ್ಮಮ್ಮ ಇನ್ನೂ ಇಟ್ಟಿಗೆಯವನ ಜೊತೆ ಜಗಳ ಆಡ್ತಾಳಾ?’ ಅಂದೆ.

‘ಅಮ್ಮಂದೇ ತಪ್ಪು ಮಾವ. ಭಾನುವಾರ ಗೂಡು ಉರಿಯೋದೇ ಇಲ್ಲ. ಆ ಅಂಕಲ್ ಪಾಪ ಮಲಗಿದ್ರು.’

‘ಮತ್ತೆ ಹೊದಿಕೆ ಮೇಲೆ ಏನೇ ಬಿದ್ದಿದ್ದು?’

‘ಮಣ್ಣು ಮಳೆ. ಸೋಮವಾರ ಶಾಲೆ ಕಿಟಕಿಯಿಂದ ನೋಡಿದ್ರೆ ಡೊಬ್ರಾಚ್ ಬೆಟ್ಟ ಪೂರ್ತಿ ಕಿತ್ತಳೆ ರಸ ಚೆಲ್ಲಿದ ಹಾಗಿತ್ತು. ಮೇಷ್ಟ್ರು ಆಫ್ರಿಕಾದ ಧೂಳು ಅಂದ್ರು. ನೀವು ಬರೆದು ಕಳಿಸಿದ್ರಲ್ಲ, ಕೆಂಪು ಹಿಮ, ದನ ಕಟ್ಟಬೇಡ ಅಂತ, ಅದನ್ನ ಎದ್ದು ನಿಂತು ಓದಿದೆ. ಎಲ್ಲರೂ ಚಪ್ಪಾಳೆ ಹೊಡೆದ್ರು.’ ಆಮೇಲೆ ಕೇಳಿದಳು, ‘ಇಲ್ಲಿ ಬೀಳಲಿಲ್ವಾ ಮಾವ?’

‘ಇಲ್ಲಿ ಬೀಳಲಿಲ್ಲ’ ಎನ್ನಲು ಬಾಯಿ ತೆರೆದೆ. ಬಿದ್ದಿದ್ದರೂ ನನಗೆ ಕಾಣುತ್ತಿರಲಿಲ್ಲ ಎಂದು ಆ ಕ್ಷಣದಲ್ಲಿ ಅರ್ಥವಾಯಿತು. ಆ ಭಾನುವಾರ ಬೆಳಗ್ಗೆ, ಹೊಸ ಹಿಮ ಮುಚ್ಚುವ ಮೊದಲು, ಬೋಗುಣಿಯನ್ನು ನೋಡಿದ ಕಣ್ಣು ಈ ಊರಲ್ಲಿ ನನ್ನದೊಂದೇ. ನಾನು ನೋಡಿದ್ದು ಜೇನಿನೊಳಗಿಂದ.

ವ್ರೋನಿಯನ್ನು ವಸತಿಗೆ ಬಿಟ್ಟು, ಲಿಫ್ಟನ್ನು ನಿಧಾನವಾಗಿ ಓಡಿಸಿಕೊಂಡು ಒಬ್ಬನೇ ಮೇಲೆ ಹೋದೆ. ಮುಚ್ಚಳ ಎತ್ತಿಕೊಂಡು ಹೋದೆ. ಕಿವಿಯೊಳಗೆ ಮೊಳೆ ಹೊಡೆದ ಹಾಗಾಯಿತು. ಮೇಲಿನ ನಿಲ್ದಾಣದ ಹಿಂದೆ, ಸಮತಟ್ಟು ಜಾಗದಲ್ಲಿ, ಸಲಿಕೆಯಿಂದ ಅಗೆದೆ. ಹೊಸ ಹಿಮ, ಅದರ ಕೆಳಗೆ ಗಾಳಿ ಬಡಿದು ಗಟ್ಟಿಯಾದ ಹಿಮ, ಎಲ್ಲ ಬಿಳಿ. ಎದೆಯ ಮಟ್ಟಕ್ಕೆ ಇಳಿದಾಗ ಗುಂಡಿಯ ಗೋಡೆಯಲ್ಲಿ ಒಂದು ಗೆರೆ ಕಂಡಿತು. ಬೆರಳಿನ ದಪ್ಪ, ಇಟ್ಟಿಗೆಯ ಬಣ್ಣ. ಅದನ್ನು ಸವರಿದೆ. ಅದರ ಅಂಚಿನ ಹಿಮ ಸಕ್ಕರೆಯ ಹಾಗೆ ಉದುರಿ ನನ್ನ ಬೂಟಿನ ಮೇಲೆ ಬಿತ್ತು. ಮೇಲಿನ ಗಟ್ಟಿ ಹಿಮಕ್ಕೆ ಸಲಿಕೆಯ ಹಿಡಿಯಿಂದ ಮೆಲ್ಲಗೆ ತಟ್ಟಿದೆ. ಇಡೀ ಹಲಗೆ ಆ ಗೆರೆಯ ಮೇಲಿಂದ ಜಾರಿ ಗುಂಡಿಯೊಳಗೆ ಬಂತು.

ನೇರವಾಗಿ ಆಂಬ್ರೋಸನ ಹೋಟೆಲಿಗೆ ಹೋದೆ. ಸೆವೆರಿನ್ ಅಲ್ಲೇ ಕೂತಿದ್ದ. ಎಲ್ಲ ಹೇಳಿದೆ, ಕಿವಿಯದ್ದು ಕೂಡ.

ಆಂಬ್ರೋಸ್ ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು. ‘ಕಾಸಿಯಾನ್, ಹನ್ನೊಂದಕ್ಕೆ ಆಗಲಿ ಅಂದೆ. ಮೂರಕ್ಕೆ ಬೇಡ ಅಂತೀಯ. ನಡುವೆ ಏನಾಯ್ತು? ಒಂದು ಹುಡುಗಿ ಅವರಮ್ಮನ ಬೆಡ್‌ಶೀಟ್ ವಿಷಯ ಹೇಳಿದಳು.’

‘ನಾನು ಅಗೆದು ನೋಡಿದೀನಿ. ನೀವೂ ಬನ್ನಿ, ತೋರಿಸ್ತೀನಿ.’

‘ನಿಲ್ದಾಣದ ಹಿಂದೆ ಅಗೆದೆ. ಬೋಗುಣಿಯಲ್ಲಿ ಅಗೆದೆಯಾ?’

‘ಬೋಗುಣಿಗೆ ಕಾಲಿಡೋ ಹಾಗಿದ್ದರೆ ನಾನು ಇಲ್ಲಿಗೆ ಯಾಕೆ ಬರ್ತಿದ್ದೆ?’

‘ನೋಡು, ರಸ್ತೆ ಮುಚ್ಚಿದೆ. ಮನೆ ತುಂಬ ಜನ ಇಸ್ಪೀಟು ಆಡಿ ಆಡಿ ಒಬ್ಬರನ್ನೊಬ್ಬರು ಕಚ್ಚೋ ಸ್ಥಿತಿಗೆ ಬಂದಿದ್ದಾರೆ. ಇರೋದು ಒಂದೇ ಲಿಫ್ಟು. ಹೋದ ಸಲ ನಿನ್ನ ಕೆಂಪು ಹಿಮಕ್ಕೆ ಈಸ್ಟರ್ ತನಕ ಮುಚ್ಚಿದೆವು. ಇನ್ನೊಂದು ಸಲ ಅಜ್ಜನ ಗಾದೆಗೆ ಊರು ಮುಚ್ಚೋಕಾಗಲ್ಲ. ಕಿವಿ ಕೇಳದವನ ಕಣ್ಣನ್ನ ಎಷ್ಟು ನಂಬಬೇಕು ಅನ್ನೋದೂ ನನಗೆ ಈಗ ಯೋಚನೆ.’

ನಾನು ಸೆವೆರಿನನ ಕಡೆ ನೋಡಿದೆ. ಅವನು ಮೇಜಿನ ಮೇಲಿದ್ದ ಬ್ರೆಡ್ಡಿನ ಚೂರುಗಳನ್ನು ಒಂದೆಡೆ ಸೇರಿಸುತ್ತಿದ್ದ. ‘ಮೂರರಲ್ಲಿ ಎರಡು, ಕಾಸಿಯಾನ್’ ಅಂದ.

ಅವನೇ ಬಾಗಿಲ ತನಕ ನನ್ನ ಹಿಂದೆ ಬಂದ. ಹೊರಗೆ, ಯಾರಿಗೂ ಕೇಳಿಸದ ಹಾಗೆ, ‘ನಿನ್ನ ಸೊಸೆಗೆ ನಾಳೆ ಜ್ವರ ಬಂತು ಅಂದುಬಿಡು. ಮನೇಲಿ ಮಲಗಿಸಿಕೋ. ನಾನು ಮೇಷ್ಟ್ರಿಗೆ ಹೇಳ್ತೀನಿ. ಯಾರೂ ಏನೂ ಕೇಳಲ್ಲ’ ಅಂದ. ಕೇಳಿದೆಯಾ ಅಕ್ಕ, ಅವನಿಗೂ ಗೊತ್ತು.

ವಸತಿಗೆ ಹೋಗಿ ವ್ರೋನಿಯ ಮೇಷ್ಟ್ರನ್ನೂ ಕಂಡೆ. ಎಳೆಯ ಮನುಷ್ಯ, ಒಳ್ಳೆಯವನೇ. ‘ಸಮಿತಿ ಏನು ಹೇಳುತ್ತದೋ ಅದನ್ನು ನಾನು ಕೇಳಬೇಕು’ ಅಂದ. ‘ಸಮಿತಿ ಅಂದ್ರೆ ನಾನೇ’ ಅಂದೆ. ಆಂಬ್ರೋಸನ ರುಜುವಿದ್ದ ಚೀಟಿ ತೋರಿಸಿದ. ಅದರಲ್ಲಿ ನನ್ನ ರುಜುವೂ ಇತ್ತು, ಹನ್ನೊಂದರದ್ದು.

ನಾನು ಲಿಫ್ಟ್ ಓಡಿಸುವುದಿಲ್ಲ ಎಂದು ಕೂತರೆ ಪ್ರಯೋಜನವಿಲ್ಲ. ಆಂಬ್ರೋಸನ ಅಣ್ಣನ ಮಗನಿಗೂ ಪರವಾನಗಿ ಇದೆ. ಕೀಲಿ ಬಚ್ಚಿಟ್ಟರೆ ಇನ್ನೊಂದಿದೆ. ಆದರೆ ಕಂಬದಿಂದ ಕಂಬಕ್ಕೆ ಒಂದು ಸಣ್ಣ ಕಾವಲು ತಂತಿ ಹೋಗುತ್ತದೆ. ಎಲ್ಲಾದರೂ ಹಗ್ಗ ಗಾಲಿಯಿಂದ ಜಾರಿದರೆ ಆ ತಂತಿ ಕಡಿದು ಲಿಫ್ಟ್ ನಿಲ್ಲುತ್ತದೆ. ಮತ್ತೆ ಜೋಡಿಸುವ ತನಕ ಯಾರು ಏನು ಮಾಡಿದರೂ ಅಲುಗುವುದಿಲ್ಲ. ನಿಲ್ದಾಣದಲ್ಲಿ ಕತ್ತರಿಸಿದರೆ ಆ ಹುಡುಗ ಕಾಫಿ ಆರುವುದರೊಳಗೆ ಜೋಡಿಸುತ್ತಾನೆ. ಏಳನೇ ಕಂಬದಲ್ಲಿ ಕತ್ತರಿಸಿದರೆ ಅವನು ಬೋಗುಣಿಯ ಕೆಳಗೆ ನಡೆದು ಬಂದು, ಕಂಬ ಹತ್ತಿ, ಅಷ್ಟು ಹೊತ್ತು ಅಲ್ಲಿ ನಿಲ್ಲಬೇಕು. ಮುಚ್ಚಳವಿಲ್ಲದೆ ನಿಲ್ಲಬೇಕು. ನಾನು ಅವನಿಗೆ ಗೆರೆಯ ವಿಷಯ ಹೇಳುತ್ತೇನೆ. ಆಮೇಲೆ ಅವನು ಹತ್ತುವುದಿಲ್ಲ. ಅವನ ಚಿಕ್ಕಪ್ಪ ಸಿಡಿಮದ್ದಿನ ಮೇಲೆ ಎಷ್ಟು ಆಣೆ ಇಟ್ಟರೂ ಹತ್ತುವುದಿಲ್ಲ. ಅವನು ಈ ಊರಿನಲ್ಲೇ ಹುಟ್ಟಿದವನು.

ಏಳನೇ ಕಂಬದ ತಂತಿಯನ್ನು ಇವತ್ತೇ ಕತ್ತರಿಸಲಾರೆ. ಹಿಮ ತಟ್ಟುವ ಯಂತ್ರದವರು ಕತ್ತಲಾಗುವ ತನಕ ಕೆಳಗೆ ಕೆಲಸ ಮಾಡುತ್ತಾರೆ, ನನ್ನನ್ನು ನೋಡುತ್ತಾರೆ, ತಡೆಯುತ್ತಾರೆ. ಬೆಳಗಿನ ಜಾವದ ಚಳಿಯಲ್ಲಿ ಹಿಮ ಕೊಂಚ ಹಿಡಿದುಕೊಂಡಿರುತ್ತದೆ. ನನ್ನೊಬ್ಬನ ಭಾರ ತಡೆಯಬಹುದು.

ಟ್ರೌಡಿಗೆ ಹೇಳಿದ್ದೇನೆ. ಅವಳು ನನ್ನ ದಪ್ಪ ಕಾಲುಚೀಲಗಳನ್ನು ಒಲೆಯ ಬಳಿ ಒಣಗಲು ಹಾಕಿದಳು.

ಇನ್ನೊಂದನ್ನು ನಿನಗೆ ಹೇಳಲೇಬೇಕು. ಇದಕ್ಕೆ ನೀನು ನನ್ನನ್ನು ಕ್ಷಮಿಸದೆ ಇರಬಹುದು. ವ್ರೋನಿಯನ್ನು ಇವತ್ತು ರಾತ್ರಿ ನಾನು ಮನೆಗೆ ಕರೆದುಕೊಂಡು ಬರುವುದಿಲ್ಲ. ಸೆವೆರಿನ್ ಹೇಳಿದ ಜ್ವರ ಬರುವುದಿಲ್ಲ. ಟ್ರೌಡಿ ಕೇಳಿದಳು, ನಾನು ಬೇಡ ಅಂದೆ. ವ್ರೋನಿ ನಮ್ಮ ಮಾಳಿಗೆಯ ಕೋಣೆಯಲ್ಲಿ ಬೆಚ್ಚಗೆ ಮಲಗಿದ್ದರೆ, ಬೆಳಗಿನ ಜಾವ ನನ್ನ ಕಾಲು ಭಾರವಾಗುತ್ತದೆ. ನಮ್ಮವಳು ಇಲ್ಲೇ ಇದ್ದಾಳಲ್ಲ, ಸಮಿತಿ ಹೇಳಿದ ಮೇಲೆ ನನ್ನದೇನು ಎಂದು ಹೊದ್ದು ಮಲಗಿಬಿಡುತ್ತೇನೋ ಎಂಬ ಭಯ ನನಗಿದೆ. ನನ್ನನ್ನು ನಾನು ಈ ಚಳಿಗಾಲದಲ್ಲಿ ಅಷ್ಟು ಚೆನ್ನಾಗಿ ತಿಳಿದುಕೊಂಡಿದ್ದೇನೆ. ಅವಳು ಉಳಿದ ಮಕ್ಕಳ ಜೊತೆಯಲ್ಲೇ ಇರಲಿ, ಎಂಟಕ್ಕೆ ಅವರ ಜೊತೆಯಲ್ಲೇ ಸಾಲಿನಲ್ಲಿ ನಿಲ್ಲಲಿ.

ಇಕ್ಕಳ, ಸೊಂಟದ ಪಟ್ಟಿ, ದೀಪ ಚೀಲದಲ್ಲಿವೆ. ಹಾದಿಯನ್ನು ಕಿಟಕಿಯಿಂದ ನೋಡಿಟ್ಟುಕೊಂಡಿದ್ದೇನೆ, ಕಾಡಿನ ಅಂಚಿನ ತನಕ ಮರಗಳ ಮರೆಯಲ್ಲಿ, ಅಲ್ಲಿಂದ ಕಂಬದ ತನಕ ಬಯಲಿನಲ್ಲಿ. ನಾಳೆ ಬೆಳಕು ಹರಿಯುವ ಮುಂಚೆ ಹೊರಡುತ್ತೇನೆ.

ಕಾಸಿಯಾನ್